ಗಿರಣಿಗೆ ಸರಕಾರದ ನೆರವು: ಅದು ಯಾರ ಕೈ ಸೇರುತ್ತದೆ?



ಈಚೆಗೆ ಒಂದು ರವಿವಾರ ವಾಚನಾಲಯದಲ್ಲಿ ಪತ್ರಿಕೆಗಳನ್ನು ಜೋಡಿಸುತ್ತಿದ್ದೆ. ಎಂಪ್ರೆಸ್ ಗಿರಣಿಯಲ್ಲಿ ದುಡಿದು ಮುಪ್ಪಾದ ಹಿರಿಯರೊಬ್ಬರು ಒಂದು ಸುದ್ದಿಯ ಮೇಲೆ ಬೆರಳಿಟ್ಟು, "ಏನಪ್ಪಾ, ಸರಕಾರ ಜವಳಿ ಉದ್ಯಮಕ್ಕೆ ಇಷ್ಟು ಕೋಟಿ ಕೊಡತದಂತ. ಹಂಗಾದ್ರ ನಮ್ಮ ಗಿರಣಿ ಯಾಕ ಉಳೀಲಿಲ್ಲ?" ಎಂದು ಕೇಳಿದರು. ನಾನು ಗಿರಣಿಯೊಂದರ ಕಾರಕೂನ, ಮ್ಯಾಟ್ರಿಕ್‌ವರೆಗೆ ಓದಿದವನು. ಅರ್ಥಶಾಸ್ತ್ರ ನನ್ನ ಅಳವಿನದಲ್ಲ. ಆದರೆ ಇಂಥ ಯೋಜನೆಗಳ ಕಾಗದಗಳು ನನ್ನ ಮೇಜಿನ ಮೇಲಿಂದ ಹಾದುಹೋಗಿವೆಯಾದ್ದರಿಂದ, ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ.

ಜಮಶೇಟಜಿ ಟಾಟಾ ಅವರು ನಾಗಪುರದಲ್ಲಿ ಈ ಗಿರಣಿಯನ್ನು 1877ರ ಜನವರಿ 1ರಂದು ತೆರೆದರು. ವಿಕ್ಟೋರಿಯಾ ರಾಣಿ ಭಾರತದ ಸಾಮ್ರಾಜ್ಞಿಯೆಂದು ಘೋಷಿತಳಾದ ದಿನವೂ ಅದೇ. ಹೆಸರು ಬಂದುದು ಅಲ್ಲಿಂದಲೇ. ಆದರೆ ಆ ಸಾಮ್ರಾಜ್ಞಿಯ ಸರಕಾರ ನಮ್ಮ ಗಿರಣಿಗಳಿಗೆ ಕೊಟ್ಟುದು ನೆರವಲ್ಲ, ಸುಂಕ. ಲ್ಯಾಂಕಶಾಯರದ ಗಿರಣಿಯವರು ಗದ್ದಲ ಮಾಡಿದರೆಂದು 1896ರಲ್ಲಿ ಭಾರತದ ಗಿರಣಿಗಳಲ್ಲಿ ನೇಯ್ದ ಬಟ್ಟೆಯ ಮೇಲೆಯೇ ಶೇಕಡಾ ಮೂರೂವರೆ ಸುಂಕ ಹೇರಿದರು. ಅದು ತೊಲಗಲು 1926 ಬರಬೇಕಾಯಿತು. ಹೊರಗಿನ ಬಟ್ಟೆಗೆ ಅಡ್ಡಗೋಡೆ ಕಟ್ಟುವ ಸಂರಕ್ಷಣಾ ಕಾಯದೆ ಬಂದುದು 1930ರಲ್ಲಿ. ಸ್ವಾತಂತ್ರ್ಯ ಬಂದ ಮೇಲೆ ಗಾಳಿ ಬೇರೆ ಕಡೆಗೂ ಬೀಸಿತು. ಖಾದಿ ಮತ್ತು ಕೈಮಗ್ಗಗಳ ಏಳಿಗೆಗೆಂದು 1953ರಲ್ಲಿ ಗಿರಣಿ ಬಟ್ಟೆಯ ಮೇಲೆ ಗಜಕ್ಕೆ ಮೂರು ಪೈ ಹೆಚ್ಚಿನ ಕರ ಹಾಕಿದರು. ಒಬ್ಬನಿಗೆ ಕೊಡುವ ನೆರವು ಇನ್ನೊಬ್ಬನ ಚೀಲದಿಂದ ಬರುವುದು ಹೊಸತೇನಲ್ಲ.

ಮುಂದೆ ಗಿರಣಿಗಳು ಒಂದೊಂದಾಗಿ ಕಾಯಿಲೆ ಬಿದ್ದವು. ಯಂತ್ರ ಹಳೆಯದು, ಸಾಲ ಹೊಸದು. ಜತೆಗೆ ವಿದ್ಯುತ್ ಮಗ್ಗಗಳ ಅಗ್ಗದ ಬಟ್ಟೆಯ ಪೈಪೋಟಿ. ಸರಕಾರ 1968ರಲ್ಲಿ ರಾಷ್ಟ್ರೀಯ ಜವಳಿ ನಿಗಮವನ್ನು ಸ್ಥಾಪಿಸಿ, 1974ರ ಕಾಯದೆಯಿಂದ 103 ಗಿರಣಿಗಳನ್ನು ತನ್ನದಾಗಿಸಿಕೊಂಡಿತು. ನಮ್ಮೂರ ಮಾಡೆಲ್ ಮಿಲ್ಸ್, ಕಲಬುರ್ಗಿಯ ಮಹಬೂಬ ಶಾಹಿ ಗಿರಣಿ, ಬೆಂಗಳೂರಿನ ಮಿನರ್ವಾ ಆ ಪಟ್ಟಿಯಲ್ಲಿದ್ದವು. ಮಿನರ್ವಾದ ಮಾಲಿಕರು ನ್ಯಾಯಾಲಯಕ್ಕೆ ಹೋದರು. 1980ರ ಆ ತೀರ್ಪು ಸಂವಿಧಾನದ ಪಾಠವಾಗಿ ಇಂದಿಗೂ ವಕೀಲರ ಬಾಯಲ್ಲಿದೆ. ಗಿರಣಿಯನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಎಂಪ್ರೆಸ್ ಆ ಪಟ್ಟಿಯಲ್ಲಿರಲಿಲ್ಲ. ಅದು 1986ರಲ್ಲಿ ಮಹಾರಾಷ್ಟ್ರ ಸರಕಾರದ ಜವಳಿ ನಿಗಮದ ಕೈಸೇರಿ 2002ರಲ್ಲಿ ಬಾಗಿಲು ಮುಚ್ಚಿತು. ಈಗ ಅಲ್ಲಿ ಅದೇ ಹೆಸರಿನ ಮಾಲ್ ಇದೆ. ರಾಷ್ಟ್ರೀಯ ನಿಗಮದ ಉಳಿದ ಗಿರಣಿಗಳೂ 2020ರ ಮಾರ್ಚ್ ತಿಂಗಳ ಲಾಕ್‌ಡೌನಿನಲ್ಲಿ ನಿಂತುಹೋದವು. ಇಲ್ಲಿಗೆ ಸಮೀಪದ ಅಚಲಪುರದ ಫಿನ್ಲೇ ಗಿರಣಿ ಅವುಗಳಲ್ಲೊಂದು.

ಹಿರಿಯರು ಕೇಳಿದ ಕೋಟಿಗಳ ಲೆಕ್ಕ ಇದರ ನಂತರದ್ದು. ಗಿರಣಿಯನ್ನೇ ಕೊಳ್ಳುವ ಬದಲು ಯಂತ್ರ ಕೊಳ್ಳುವವನಿಗೆ ಆಸರೆ ಕೊಡೋಣವೆಂದು 1999ರ ಏಪ್ರಿಲ್ 1ರಿಂದ ತಂತ್ರಜ್ಞಾನ ಸುಧಾರಣಾ ನಿಧಿ ಯೋಜನೆ ಆರಂಭವಾಯಿತು. ಅದರ ಮರ್ಮ ಸರಳ. ಗಿರಣಿ ಒಂದು ಕೋಟಿ ರೂಪಾಯಿ ಸಾಲವನ್ನು ಶೇಕಡಾ 12ರ ಬಡ್ಡಿಗೆ ತೆಗೆದು ಹೊಸ ಯಂತ್ರ ಹಾಕಿತೆನ್ನಿ. ಮೊದಲ ವರ್ಷದ ಬಡ್ಡಿ 12 ಲಕ್ಷ. ಅದರಲ್ಲಿ ಶೇಕಡಾ 5ರ ಪಾಲು, ಎಂದರೆ 5 ಲಕ್ಷ, ಸರಕಾರ ತುಂಬಿಕೊಡುವುದು. ಆದರೆ ಮೊದಲು ಬ್ಯಾಂಕು ಸಾಲ ಕೊಡಬೇಕಲ್ಲ! ಸಾಲ ಹುಟ್ಟುವುದು ಪತ್ತು ಇದ್ದವನಿಗೆ. ಹಳೆಯ ಬಾಕಿಯಲ್ಲಿ ಮುಳುಗಿದ ಗಿರಣಿಗೆ ಬ್ಯಾಂಕಿನ ಬಾಗಿಲೇ ತೆರೆಯದಿದ್ದರೆ ಸರಕಾರದ ಐದು ಲಕ್ಷ ಎಲ್ಲಿಗೆ ಬಂದೀತು? ಗಟ್ಟಿಮುಟ್ಟಾದವನು ಇನ್ನಷ್ಟು ಗಟ್ಟಿಯಾದನು. ಹಾಸಿಗೆ ಹಿಡಿದವನು ಹಾಸಿಗೆಯಲ್ಲೇ ಉಳಿದನು. ನನ್ನ ಮಟ್ಟಿಗೆ ಹಿರಿಯರ ಪ್ರಶ್ನೆಗೆ ಅರ್ಧ ಉತ್ತರ ಇದೇ.

2016ರಲ್ಲಿ ಯೋಜನೆಯನ್ನು ತಿದ್ದಿ, ಬಡ್ಡಿಯ ಬದಲು ಯಂತ್ರದ ಬೆಲೆಯ ಮೇಲೆ ಒಮ್ಮೆಗೇ ಸಹಾಯಧನ ಕೊಡುವಂತೆ ಮಾಡಿದರು: ಸಿದ್ಧ ಉಡುಪಿಗೆ ಶೇಕಡಾ 15, ಲಾಳಿಯಿಲ್ಲದ ಹೊಸ ಮಗ್ಗಗಳಿಗೆ ಶೇಕಡಾ 10. ನೂಲುವ ಗಿರಣಿಗಳನ್ನು ಕೈಬಿಟ್ಟರು. ಹತ್ತಿ ಬೆಳೆಯುವ ವಿದರ್ಭಕ್ಕೆ ಇದು ಸಣ್ಣ ಮಾತಲ್ಲ. ಹಣವಾದರೂ ಯಂತ್ರ ಕೂಡಿಸಿ, ಅಧಿಕಾರಿಗಳು ಬಂದು ಕಣ್ಣಾರೆ ಕಂಡ ಮೇಲೆಯೇ. ಬಿಲ್ಲಿನಲ್ಲಿಯ ಯಂತ್ರದ ನಂಬರಿಗೂ ಯಂತ್ರದ ಮೈಮೇಲಿನ ನಂಬರಿಗೂ ಒಂದಂಕಿ ತಪ್ಪಿದರೆ ಕಾರಕೂನನ ಗತಿ ಏನೆಂಬುದನ್ನು ನಾನು ಬಲ್ಲೆ. ಈ ಯೋಜನೆ 2022ರ ಮಾರ್ಚ್ 31ಕ್ಕೆ ಮುಗಿಯಿತು.

ಈಗಿನ ದೊಡ್ಡ ಮಾತು ಪಿ.ಎಂ. ಮಿತ್ರ ಜವಳಿ ಉದ್ಯಾನಗಳದು: 4,445 ಕೋಟಿ ರೂಪಾಯಿ, ಏಳು ಸ್ಥಳ. ಅವುಗಳಲ್ಲಿ ಅಮರಾವತಿಯೂ ಒಂದು, ಕಲಬುರ್ಗಿಯೂ ಒಂದು. ಹಳೆಯ ಗಿರಣಿ ಕಳೆದುಕೊಂಡ ಕಲಬುರ್ಗಿಗೆ ಹೊಸ ಉದ್ಯಾನ ಬರುವುದು ಸಂತೋಷವೇ. ಇಲ್ಲಿಯೂ ನೆರವು ಮೊದಲು ರಸ್ತೆ, ನೀರು, ವಿದ್ಯುತ್ತಿಗೆ. ಬಳಿಕ ಕಾರಖಾನೆ ಹೂಡುವವನಿಗೆ.

ಹಾಗಾದರೆ ಕೂಲಿಕಾರನಿಗೆ? ಖಾಸಗಿ ಗಿರಣಿ ಶಾಶ್ವತವಾಗಿ ಮುಚ್ಚಿದರೆ ಮೊದಲ ವರ್ಷ ಸಂಬಳದ ಶೇಕಡಾ 75, ಎರಡನೆಯ ವರ್ಷ 50, ಮೂರನೆಯ ವರ್ಷ 25 ಕೊಡುವ ಪುನರ್ವಸತಿ ನಿಧಿ 1986ರಲ್ಲಿ ಬಂದಿತ್ತು. 2017ರಲ್ಲಿ ಅದನ್ನು ಬೇರೊಂದು ಯೋಜನೆಯಲ್ಲಿ ಸೇರಿಸಿಬಿಟ್ಟರು. ಸರಕಾರವೇ ನಡೆಸಿದ ಗಿರಣಿಗಳಿಗೆ ಅದು ಅನ್ವಯಿಸುತ್ತಿರಲಿಲ್ಲ.

ಹಿರಿಯರಿಗೆ ಇಷ್ಟನ್ನೂ ಹೇಳಿದೆ. ಅವರು ಕೇಳಿ ಸುಮ್ಮನಾದರು. ಬಳಿಕ ನಾನು, "ಅಜ್ಜಾರ, ಪೆನ್ಶನ್ ಬರತದೇನು?" ಎಂದೆ. ಅರ್ಜಿಯನ್ನೇ ಹಾಕಿರಲಿಲ್ಲ! 1995ರ ನೌಕರರ ಪಿಂಚಣಿ ಯೋಜನೆಯ ಸದಸ್ಯರಾಗಿ, ಲೆಕ್ಕಕ್ಕೆ ಬರುವ ಸೇವೆ ಹತ್ತು ವರ್ಷ ತುಂಬಿದವರಿಗೆ ಪಿಂಚಣಿಯ ಹಕ್ಕಿದೆ. 2014ರ ಸೆಪ್ಟೆಂಬರಿನಿಂದ ಅದರ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಸದಸ್ಯರು ತೀರಿಕೊಂಡಿದ್ದರೆ ವಿಧವೆಗೂ ಪಿಂಚಣಿ ಉಂಟು. ಈಗಾಗಲೇ ಪಡೆಯುತ್ತಿರುವವರು ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಕೊಡಲು ಮರೆಯಬಾರದು. ಹಳೆಯ ಗಿರಣಿಯ ಪಾಸು, ಭವಿಷ್ಯನಿಧಿಯ ನಂಬರಿನ ಚೀಟಿ, ಆಧಾರ್, ಬ್ಯಾಂಕ್ ಪುಸ್ತಕ ಇದ್ದವರು ರವಿವಾರ ಸಂಜೆ ವಾಚನಾಲಯಕ್ಕೆ ತರಲಿ. ಅರ್ಜಿ ತುಂಬಲು ನಾನು ಕಿಟಕಿಯ ಪಕ್ಕದ ಮೇಜಿನಲ್ಲಿ ಕುಳಿತಿರುತ್ತೇನೆ.