ವಿಡಿಯೊ ಬದಲಾಯಿಸಲು ವಿಂಡೋಸೇ ಬೇಕೆ?

ನಿಪ್ಪಾಣಿ, ಬೋರಗಾಂವ, ರಾಯಬಾಗದ ಕಡೆ ಮೊಬೈಲ್ ಅಂಗಡಿಗೆ ಮೆಮರಿ ಕಾರ್ಡ್ ಕೊಟ್ಟು "ಹಾಡ ತುಂಬಿಸಿ ಕೊಡ್ರಿ" ಅನ್ನುವ ರೂಢಿ ಪೂರ್ತಿ ಅಳಿದಿಲ್ಲ. ಫೋನು ಎಲ್ಲರ ಕೈಯಲ್ಲೂ ಇದೆ, ಆದರೂ ಕಬ್ಬು ಹೇರುವ ಟ್ರ್ಯಾಕ್ಟರಿನ ಟೇಪು, ಅಂಗೈಯಗಲದ ಎಂಪಿ4 ಪ್ಲೇಯರು, ಹಳೆಯ ಡಿವಿಡಿ ಪ್ಲೇಯರು ಇವೆಲ್ಲ ಇಂಟರ್ನೆಟ್ ಕೇಳುವುದಿಲ್ಲ, ಪೆನ್‌ಡ್ರೈವ್ ಕೇಳುತ್ತವೆ. ಫೋನಿನಲ್ಲಿ ಚೆನ್ನಾಗಿ ಓಡಿದ ವಿಡಿಯೊ ಇವುಗಳಲ್ಲಿ ಓಡದಿದ್ದಾಗ ಅಂಗಡಿಯಿಂದ ಮನೆಯವರೆಗೆ ಕೇಳಿಬರುವ ಮಾತುಗಳಲ್ಲಿ ಅರ್ಧದಷ್ಟು ಸುಳ್ಳು.

"ಇದಕ್ಕ ವಿಂಡೋಸ್ ಬೇಕ ಬೇಕ್ರಿ, ಲಿನಕ್ಸ್‌ನ್ಯಾಗ ಆಗಂಗಿಲ್ಲ."

ಹೆಚ್ಚು ಹಬ್ಬಿದ ಮಾತು ಇದೇ. ಹಬ್ಬಲು ಕಾರಣವೂ ಇದೆ. ಅಗ್ಗದ ಪ್ಲೇಯರುಗಳ ಡಬ್ಬಿಯಲ್ಲಿ ಪುಟ್ಟದೊಂದು ಸಿ.ಡಿ. ಬರುತ್ತಿತ್ತು, ಅದರೊಳಗಿನ ಕನ್ವರ್ಟರ್ ವಿಂಡೋಸಿನಲ್ಲಿ ಮಾತ್ರ ತೆರೆದುಕೊಳ್ಳುತ್ತಿತ್ತು. ಸಿ.ಡಿ. ಕಳೆದರೆ ಪ್ಲೇಯರೇ ಸತ್ತಂತೆ ಎಂದು ಜನ ನಂಬಿದರು. ಆದರೆ ಫೈಲು ಯಾವ ಕಂಪ್ಯೂಟರಿನಲ್ಲಿ ತಯಾರಾಯಿತು ಎಂದು ಪ್ಲೇಯರ್ ಎಂದೂ ಕೇಳುವುದಿಲ್ಲ. ಚಿತ್ರವನ್ನು ಯಾವ ವಿಧಾನದಲ್ಲಿ ಅಡಕ ಮಾಡಿದೆ, ಅಗಲ ಎತ್ತರ ಎಷ್ಟು, ಸೆಕೆಂಡಿಗೆ ಎಷ್ಟು ಚಿತ್ರ, ಧ್ವನಿ ಯಾವ ಬಗೆಯದು ಎಂದಷ್ಟೇ ನೋಡುತ್ತದೆ. ಇವು ಅದರ ಅಳತೆಗೆ ಸರಿಹೊಂದಿದರೆ ಆಯಿತು.

ಆ ಅಳತೆಗೆ ತರುವ ಕೆಲಸಕ್ಕೆ ಜಗತ್ತು ಬಳಸುವುದು ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶವನ್ನು. ಫ್ರಾನ್ಸಿನ ಫ್ಯಾಬ್ರೀಸ್ ಬೆಲ್ಲಾರ್ 2000ರಲ್ಲಿ ಅದನ್ನು ಆರಂಭಿಸಿದರು. ಅದು ಉಚಿತ, ಅದರ ಮೂಲ ಸಂಕೇತವೂ ಎಲ್ಲರಿಗೆ ಮುಕ್ತ. ಲಿನಕ್ಸ್, ಮ್ಯಾಕ್, ವಿಂಡೋಸ್ ಎಂಬ ಮೂರೂ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ನಡೆಯುತ್ತದೆ. ಸೋಜಿಗವೆಂದರೆ ವಿಂಡೋಸಿಗಾಗಿ ಬಣ್ಣಬಣ್ಣದ ಗುಂಡಿಗಳನ್ನು ಇಟ್ಟುಕೊಂಡು ಬರುವ ಎಷ್ಟೋ ಕನ್ವರ್ಟರುಗಳ ಹೊಟ್ಟೆಯೊಳಗೆ ಕೆಲಸ ಮಾಡುವುದೂ ಇದೇ. ಕಮಾಂಡ್ ಬರೆಯಲು ಬೇಸರವಾದರೆ ಹ್ಯಾಂಡ್‌ಬ್ರೇಕ್ ಇದೆ, ಮೌಸಿನಲ್ಲೇ ಮುಗಿಯುತ್ತದೆ. ಕನ್ನಡ ನಾಡಿನ ಗಡಿಯ ಇನ್ನೊಂದು ತುದಿಯಲ್ಲಿ, ಕೇರಳದ ಕಾಸರಗೋಡಿನ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಲ್ಲಿ, ಮಕ್ಕಳು ಕಲಿಯುವುದೇ ಉಬುಂಟು ಆಧರಿಸಿದ ಕೈಟ್ ಲಿನಕ್ಸ್ ಇರುವ ಕಂಪ್ಯೂಟರುಗಳಲ್ಲಿ. ಅಲ್ಲಿ ವಿಡಿಯೊ ಕೆಲಸ ವಿಂಡೋಸಿಗಾಗಿ ಕಾದು ಕೂತಿಲ್ಲ.

"ಎಂಪಿ4 ಪ್ಲೇಯರ್ ಅಂದಮ್ಯಾಲೆ ಎಂಪಿ4 ಓಡಬೇಕಲ್ಲ?"

ಓಡಬೇಕಿತ್ತು. ಆದರೆ ಸುಮಾರು 15–20 ವರ್ಷಗಳ ಹಿಂದೆ ಚೀನಾದಿಂದ ಬಂದ ಆ ಪ್ಲೇಯರುಗಳಲ್ಲಿ ಬಹುಪಾಲಿಗೆ ಎಂಪಿ4 ಗೊತ್ತೇ ಇರಲಿಲ್ಲ. ಎಂಪಿ3ಗಿಂತ ಒಂದು ಹೆಜ್ಜೆ ಮುಂದೆ ಎಂದು ತೋರಿಸಲು ಅಂಗಡಿಯವರು ಅಂಟಿಸಿದ ಹೆಸರದು. ಒಳಗೆ ಓಡುತ್ತಿದ್ದುದು ಎಎಂವಿ ಎಂಬ ಬೇರೆಯೇ ಬಗೆ. ಅದರಲ್ಲಿ ಪ್ರತಿ ಚಿತ್ರವೂ ಬಿಡಿಯಾದ ಜೆಪೆಗ್ ಫೋಟೊ ಇದ್ದ ಹಾಗೆ, ಧ್ವನಿ ಸರಳ ಎಡಿಪಿಸಿಎಂ. ಅಗ್ಗದ ಚಿಪ್ಪಿಗೆ ಬಿಡಿಸಲು ಸುಲಭ, ಆದರೆ ಚಿತ್ರ ಸಣ್ಣದು, ಫೈಲು ದೊಡ್ಡದು.

ಅಂಥ ಪ್ಲೇಯರ್ ನಿಮ್ಮ ಅಲಮಾರಿಯಲ್ಲಿ ಇನ್ನೂ ಇದ್ದು, ಸಿ.ಡಿ. ಕಳೆದಿದ್ದರೆ ಚಿಂತೆ ಬೇಡ. ಎಫ್‌ಎಫ್‌ಎಂಪೆಗ್‌ನ ಈಚಿನ ಆವೃತ್ತಿಗಳು ಎಎಂವಿಯನ್ನೂ ಬರೆಯುತ್ತವೆ. ಒಂದು ಸೂಕ್ಷ್ಮ ಇದೆ: ಪ್ರತಿ ಚಿತ್ರದ ಜೊತೆ ಧ್ವನಿಯ ತುಂಡೊಂದು ಸರಿಯಾಗಿ ಕೂರಬೇಕು. ಧ್ವನಿ ಸೆಕೆಂಡಿಗೆ 22050 ಮಾದರಿ, ಚಿತ್ರ ಸೆಕೆಂಡಿಗೆ 15 ಎಂದಿಟ್ಟರೆ ತುಂಡಿನ ಅಳತೆ 22050ನ್ನು 15ರಿಂದ ಭಾಗಿಸಿದಷ್ಟು, ಅಂದರೆ 1470. ಶೇಷ ಉಳಿಯಲಿಲ್ಲ, ಕೆಲಸವಾಯಿತು. ಸೆಕೆಂಡಿಗೆ 16 ಚಿತ್ರ ಎಂದರೆ ಭಾಗಾಕಾರ ಸರಿಹೊಂದುವುದಿಲ್ಲ, ಫೈಲು ಹುಟ್ಟುವುದಿಲ್ಲ. ಅಳತೆಯನ್ನು 128ಕ್ಕೆ 96 ಎಂದಿಟ್ಟು, ಧ್ವನಿಯನ್ನು ಮೊನೊ ಮಾಡಿ ಮೊದಲು ನೋಡುವುದು ಒಳ್ಳೆಯದು.

"ಹೆಸರಿನ ಕೊನೆ ಬದಲಿಸಿದರ ಸಾಕು."

ಗೋಧಿ ಚೀಲದ ಮೇಲೆ ಜೋಳ ಎಂದು ಬರೆದರೆ ರೊಟ್ಟಿ ಆಗುವುದಿಲ್ಲ. ಎಂಕೆವಿ, ಎಂಪಿ4, ಎವಿಐ ಎಂಬವು ಚೀಲದ ಹೆಸರುಗಳು. ಒಳಗಿರುವ ಚಿತ್ರ ಎಚ್.264 ಇರಬಹುದು, ಎಚ್.265 ಇರಬಹುದು, ಎಕ್ಸ್‌ವಿಡ್ ಇರಬಹುದು. ವಿಎಲ್‌ಸಿಯಲ್ಲಿ ವಿಡಿಯೊ ತೆರೆದು ಟೂಲ್ಸ್ ಪಟ್ಟಿಯ ಕೋಡೆಕ್ ಇನ್ಫರ್ಮೇಶನ್ ಒತ್ತಿದರೆ ಒಳಗೇನಿದೆ ಎಂದು ಸಾಲಾಗಿ ಕಾಣುತ್ತದೆ. ಕನ್ವರ್ಟ್ ಮಾಡುವ ಮೊದಲು ಅರ್ಧ ನಿಮಿಷ ಕೊಟ್ಟು ಇದನ್ನು ನೋಡಿಕೊಳ್ಳಿ.

ಯಾಕೆಂದರೆ ಕೆಲವೊಮ್ಮೆ ಚೀಲ ಬದಲಿಸಿದರೆ ಸಾಕು, ಕಾಳು ಮುಟ್ಟಬೇಕಿಲ್ಲ. ಎಂಕೆವಿಯೊಳಗೆ ಎಚ್.264 ಚಿತ್ರ, ಎಎಸಿ ಧ್ವನಿ ಇದ್ದರೆ ಎಫ್‌ಎಫ್‌ಎಂಪೆಗ್‌ಗೆ "ನಕಲಷ್ಟೇ ಮಾಡು" ಎಂದು ಹೇಳಿ ಎಂಪಿ4ಗೆ ಸುರಿಯಬಹುದು. ಎರಡು ತಾಸಿನ ವಿಡಿಯೊ ನಿಮಿಷದೊಳಗೆ ಮುಗಿಯುತ್ತದೆ, ಗುಣಮಟ್ಟ ಕೂದಲೆಳೆಯಷ್ಟೂ ಇಳಿಯುವುದಿಲ್ಲ. ಹೀಗೆ ನಿಮಿಷದಲ್ಲಿ ಆಗುವ ಕೆಲಸಕ್ಕೆ ಇಡೀ ರಾತ್ರಿ ಕಂಪ್ಯೂಟರ್ ಉರಿಸುವವರಿದ್ದಾರೆ.

"ವಿಡಿಯೊ ಕೆಟ್ಟೈತಿ, ಆವಾಜ ಬರವಲ್ದು."

ಕೆಟ್ಟಿರುವುದಿಲ್ಲ. ಚಿತ್ರ ಬಂದು ಧ್ವನಿ ಬಾರದಿದ್ದರೆ ಹೆಚ್ಚಾಗಿ ಧ್ವನಿ ಎಸಿ3 ಅಥವಾ ಓಪಸ್ ಆಗಿರುತ್ತದೆ. ಧ್ವನಿಯನ್ನಷ್ಟೇ ಎಎಸಿ ಅಥವಾ ಎಂಪಿ3ಗೆ ಬದಲಿಸಿ, ಚಿತ್ರವನ್ನು ಹಾಗೇ ಬಿಡಿ. ಧ್ವನಿ ಬಂದು ಚಿತ್ರ ಬಾರದಿದ್ದರೆ ಈಗಿನ ಫೋನುಗಳು ಬರೆಯುವ ಎಚ್.265 ಮೇಲೆ ಅನುಮಾನ ಪಡಿ. ಐಫೋನುಗಳಲ್ಲಿ ಇದು 2017ರಿಂದ ಶುರುವಾಯಿತು. ಎಚ್.264 ಬಂದದ್ದು 2003ರಲ್ಲಿ. ಹಳೆಯ ಪ್ಲೇಯರಿಗೆ ಅದಾದರೂ ಗೊತ್ತಿರಬಹುದು, ಆಮೇಲಿನದು ಗೊತ್ತಿರುವುದಿಲ್ಲ. 2005ರ ವಿಡಿಯೊ ಐಪಾಡ್‌ಗೆ ಎಚ್.264 ಬರುತ್ತಿದ್ದರೂ ಅದರ ಸರಳ ರೂಪವಾದ ಬೇಸ್‌ಲೈನ್ ಮಾತ್ರ ಬರುತ್ತಿತ್ತು, ಪರದೆ 320ಕ್ಕೆ 240. ಹಳೆಯ ಡಿವಿಡಿ ಪ್ಲೇಯರಿನ ಯುಎಸ್‌ಬಿಗೆ ಬೇಕಾದದ್ದು ಎವಿಐ ಚೀಲದಲ್ಲಿ ಎಕ್ಸ್‌ವಿಡ್ ಚಿತ್ರ, ಎಂಪಿ3 ಧ್ವನಿ. ಹ್ಯಾಂಡ್‌ಬ್ರೇಕ್ ಎವಿಐ ಬರೆಯುವುದನ್ನು ನಿಲ್ಲಿಸಿ ವರ್ಷಗಳಾದವು, ಆದ್ದರಿಂದ ಇಲ್ಲಿ ಎಫ್‌ಎಫ್‌ಎಂಪೆಗ್ ಅಥವಾ ಎವಿಡೆಮಕ್ಸ್ ಎಂಬ ತಂತ್ರಾಂಶ ಹಿಡಿಯಬೇಕು.

"4 ಜಿಬಿ ಮ್ಯಾಲಿನ ಫೈಲ ಹೋಗವಲ್ದು, ಕಾರ್ಡ್ ಡುಪ್ಲಿಕೇಟ್."

ಡುಪ್ಲಿಕೇಟ್ ಕಾರ್ಡುಗಳು ಸಂತೆಯಲ್ಲಿ ಇವೆ, ಅಲ್ಲಗಳೆಯುವುದಿಲ್ಲ. ಆದರೆ ಈ ತೊಂದರೆಗೆ ಅವು ಹೊಣೆಯಲ್ಲ. ಅಗ್ಗದ ಪ್ಲೇಯರುಗಳು ಓದುವುದು ಫ್ಯಾಟ್32 ಮಾದರಿಯ ಕಾರ್ಡನ್ನು, ಅದರಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. ಕಾರ್ಡಿನಲ್ಲಿ 60 ಜಿಬಿ ಖಾಲಿ ಇದ್ದರೂ ಅಷ್ಟೇ. ವಿಂಡೋಸಿನ ಫಾರ್ಮ್ಯಾಟ್ ಕಿಟಕಿ ಬಹಳ ಕಾಲ 32 ಜಿಬಿಗಿಂತ ದೊಡ್ಡ ಕಾರ್ಡಿಗೆ ಫ್ಯಾಟ್32 ಆಯ್ಕೆಯನ್ನೇ ಕೊಡುತ್ತಿರಲಿಲ್ಲ. ಲಿನಕ್ಸಿನಲ್ಲಿ 64 ಜಿಬಿ ಕಾರ್ಡನ್ನೂ ಹಾಗೆ ಮಾಡಿಕೊಳ್ಳಬಹುದು. ವಿಂಡೋಸ್ ಇಲ್ಲದಿರುವುದೇ ಲಾಭವಾಗುವ ಜಾಗ ಇದು.

ಆ 4 ಜಿಬಿ ಮಿತಿಯೊಳಗೆ ಎಷ್ಟು ಹಿಡಿಸುತ್ತದೆ, ಲೆಕ್ಕ ಹಾಕಿ ನೋಡೋಣ. ರಾಯಬಾಗ, ಅಥಣಿ ಕಡೆಯ ಜಾತ್ರೆಯಲ್ಲಿ ಶ್ರೀಕೃಷ್ಣ ಪಾರಿಜಾತದ ಆಟ ಬೆಳತನಕ ನಡೆಯಿತು, ಎಂಟು ತಾಸು ರೆಕಾರ್ಡ್ ಆಯಿತು ಎನ್ನಿ. ಫೋನು ಸೆಕೆಂಡಿಗೆ 17 ಮೆಗಾಬಿಟ್‌ನಂತೆ ಬರೆದಿದ್ದರೆ ಅದು ಸುಮಾರು 61 ಜಿಬಿ. ಸಣ್ಣ ಪರದೆಗೆ ಚಿತ್ರಕ್ಕೆ 700, ಧ್ವನಿಗೆ 128 ಕಿಲೊಬಿಟ್ ಸಾಕು. ಒಟ್ಟು 828ನ್ನು 8ರಿಂದ ಭಾಗಿಸಿದರೆ ಸೆಕೆಂಡಿಗೆ ನೂರಮೂರೂವರೆ ಕಿಲೊಬೈಟ್, ಎಂಟು ತಾಸಿನ 28,800 ಸೆಕೆಂಡಿಗೆ 3 ಜಿಬಿಗಿಂತ ಚೂರು ಕಡಿಮೆ. ಸತ್ಯಭಾಮೆಯ ಸಿಟ್ಟು, ಕೊರವಂಜಿಯ ಕಣಿ, ಭಾಗವತನ ಹಾಡು ಎಲ್ಲ ಸೇರಿ ಒಂದೇ ಫೈಲಿನಲ್ಲಿ, ಕತ್ತರಿಸದೆ.

"ಎಚ್‌ಡಿ ಮಾಡಿದರ ಹಳೇ ಲಗ್ನದ ವಿಡಿಯೊ ಚಂದ ಕಾಣ್ತೈತಿ."

ಇಲ್ಲ. ಲಗ್ನದ ವಿಸಿಡಿಯ ಚಿತ್ರ 352ಕ್ಕೆ 288 ಚುಕ್ಕೆಗಳಷ್ಟೇ. ಅದನ್ನು 1080ಕ್ಕೆ ಹಿಗ್ಗಿಸಿದರೆ ಫೈಲು ಉಬ್ಬುತ್ತದೆ, ವಧುವಿನ ಮುಖದಲ್ಲಿ ಇಲ್ಲದ ವಿವರ ಹುಟ್ಟುವುದಿಲ್ಲ. ಇದಕ್ಕೆ ದುಡ್ಡು ಕೇಳುವ ಅಂಗಡಿಯಿಂದ ನಯವಾಗಿ ಹೊರಗೆ ಬನ್ನಿ. ಮುಖ ಅಪ್ಪಚ್ಚಿಯಾಗಿ ಕಾಣುವುದು ಮಾತ್ರ ಬೇರೆ ರೋಗ: ಅಗಲ-ಎತ್ತರದ ಅನುಪಾತ ತಪ್ಪಿದಾಗ ಹಾಗಾಗುತ್ತದೆ, ಸರಿಪಡಿಸಬಹುದು.

ಇನ್ನು ಹಾಡುಗಳ ಸರದಿ. ಒಂದನೆಯ ಭಜನೆ ಮೂರನೆಯದಾಗಿ ಬಂತು, ಪ್ಲೇಯರ್ ಹಾಳಾಗಿದೆ ಎನ್ನುತ್ತಾರೆ. ಅನೇಕ ಅಗ್ಗದ ಪ್ಲೇಯರುಗಳು ಹೆಸರು ನೋಡುವುದೇ ಇಲ್ಲ, ಕಾರ್ಡಿಗೆ ಯಾವುದು ಮೊದಲು ಹೋಯಿತೋ ಅದನ್ನೇ ಮೊದಲು ನುಡಿಸುತ್ತವೆ. ಒಂದೊಂದಾಗಿ ಸರದಿಯಂತೆ ಹಾಕಿ, ಇಲ್ಲವೇ ಲಿನಕ್ಸಿನ ಫ್ಯಾಟ್‌ಸಾರ್ಟ್ ಎಂಬ ಪುಟ್ಟ ಉಪಕರಣಕ್ಕೆ ಆ ಕೆಲಸ ಬಿಡಿ. ಫೈಲಿಗೆ ಕನ್ನಡದಲ್ಲಿ ಹೆಸರಿಟ್ಟರೆ ಪರದೆಯಲ್ಲಿ ಬರೀ ಚೌಕಗಳು ಕಾಣಬಹುದು. ಅದು ಪ್ಲೇಯರ್ ಮಾಡಿದವರ ಸೋಮಾರಿತನ, ನಿಮ್ಮ ತಪ್ಪಲ್ಲ. ಸದ್ಯಕ್ಕೆ ಅಂಕಿ ಹಾಕಿ ಸುಧಾರಿಸಿಕೊಳ್ಳಬೇಕು.

ಆನ್‌ಲೈನಿನಲ್ಲಿ ಕನ್ವರ್ಟ್ ಮಾಡಿಕೊಡುವ ತಾಣಗಳೂ ಇವೆ. ಮನೆಯ ಲಗ್ನದ ವಿಡಿಯೊವನ್ನು ಗೊತ್ತಿಲ್ಲದ ಯಾರದೋ ಕಂಪ್ಯೂಟರಿಗೆ ಏರಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಯಾವುದೇ ದಾರಿ ಹಿಡಿದರೂ ಇಡೀ ವಿಡಿಯೊಕ್ಕೆ ಕೈಹಾಕುವ ಮೊದಲು ಒಂದು ನಿಮಿಷದ ತುಂಡನ್ನು ಬದಲಿಸಿ, ಪ್ಲೇಯರಿನಲ್ಲಿ ಹಾಕಿ ನೋಡಿ. ಅದು ಓಡಿದರೆ ಸಾಮಾನ್ಯವಾಗಿ ಉಳಿದದ್ದೂ ಓಡುತ್ತದೆ. ವಿಡಿಯೊ ಸಣ್ಣದು ಮಾಡುವಾಗ ಕಳೆದುಹೋದ ವಿವರವನ್ನು ಮರಳಿ ತರಲು ಯಾವ ತಂತ್ರಾಂಶಕ್ಕೂ ಆಗುವುದಿಲ್ಲ, ಆದ್ದರಿಂದ ಫೋನಿನ ಮೂಲ ಫೈಲನ್ನು ಅಳಿಸಬೇಡಿ.