ಫ್ಯೂಸ್ ಇತ್ತು, ಜಾಗ ತಪ್ಪಿತ್ತು

ನಮ್ಮ ಹಳೇ ಜೀಪಿಗೆ ಪೇಟೆಯಲ್ಲಿ ಸ್ಟೀರಿಯೋ ಹಾಕಿಸಿದ್ದೆ. ಹಾಡಿನ ಜತೆಗೆ 'ಕುಂಯ್' ಅನ್ನುವ ರಾಗವೂ ಬಂತು. ಆಕ್ಸಿಲರೇಟರ್ ಒತ್ತಿದಷ್ಟೂ ಅದು ಮೇಲೇರುತ್ತಿತ್ತು. ಸೆಟ್ಟೇ ಹೀಗೆ ಅಂತ ಸುಮ್ಮನಾದೆ.

ಒಂದು ದಿನ ತರಗೆಲೆ ಹೇರಿಕೊಂಡು ಗುಡ್ಡದ ಏರು ಹತ್ತುವಾಗ ಬಾನೆಟ್ಟಿನೊಳಗಿಂದ ಸುಟ್ಟ ವಾಸನೆ. ಎಂಜಿನ್ ಆಫ್ ಮಾಡಿ, ಇಳಿದು ಬ್ಯಾಟರಿಯ ನೆಗೆಟಿವ್ ಕಳಚಿದೆ. ಅಷ್ಟರಲ್ಲೇ ಸ್ಟೀರಿಯೋದ ಹಳದಿ ವಯರು ಎರಡು ಗೇಣು ಕರಗಿತ್ತು. ಹಿಂದೆ ಒಣಗಿದ ತರಗೆಲೆ. ಇನ್ನೂ ತಡವಾಗಿದ್ದರೆ ಏನಾಗ್ತಿತ್ತೋ!

ಮನೆಗೆ ತಂದು ಬಿಚ್ಚಿ ನೋಡಿದೆ. ಬ್ಯಾಟರಿಯಿಂದ ಬರುವ ವಯರು ತಗಡಿನ ತೂತಿನಲ್ಲಿ ಉಜ್ಜಿ ಉಜ್ಜಿ ಬಾಡಿಗೆ ತಗಲಿತ್ತು. ಸೆಟ್ಟಿನ ಬೆನ್ನಲ್ಲಿದ್ದ 10 ಆಂಪಿಯರ್ ಫ್ಯೂಸ್ ಹೋಗಿರಲೇ ಇಲ್ಲ. ಹೋಗುವುದು ಹೇಗೆ? ಶಾರ್ಟ್ ಆದದ್ದು ಫ್ಯೂಸಿಗಿಂತ ಮೊದಲೇ. ಪಂಪಿನ ಬುಡದಲ್ಲೇ ಪೈಪು ಒಡೆದರೆ ತೋಟದ ತುದಿಯ ಗೇಟ್‌ವಾಲ್ವ್ ಮುಚ್ಚಿ ಏನು ಫಲ?

ಈಗ ಬ್ಯಾಟರಿಯಿಂದ ಒಂದು ಗೇಣಿನೊಳಗೇ 15 ಆಂಪಿಯರ್ ಫ್ಯೂಸ್ ಇದೆ. ವಯರು 2.5 ಚದರ ಮಿ.ಮೀ.ನದು. ತಗಡು ದಾಟುವಲ್ಲಿ ರಬ್ಬರ್ ಬುಷ್ ಹಾಕಿದ್ದೇನೆ. ಈ ಫ್ಯೂಸ್ ಕಾಯುವುದು ಸೆಟ್ಟನ್ನಲ್ಲ, ವಯರನ್ನು. ಸೆಟ್ಟಿನ ಫ್ಯೂಸನ್ನೂ ಹಾಗೇ ಬಿಟ್ಟಿದ್ದೇನೆ.

'ಕುಂಯ್' ರಾಗದ ಮೂಲ ಕಪ್ಪು ವಯರಿನಲ್ಲಿತ್ತು. ಅದೇ ಅರ್ಥಿಂಗ್. ಪೇಂಟಿನ ಮೇಲೇ ಸ್ಕ್ರೂ ಬಿಗಿದಿದ್ದರು. ಮಳೆಗಾಲ ಕಳೆದಾಗ ಅಡಿಯಲ್ಲಿ ತುಕ್ಕು. ಬಾಡಿಯ ದಪ್ಪ ತಗಡನ್ನು ಹೊಳೆಯುವಷ್ಟು ಕೆರೆದೆ. ವಯರಿಗೆ ರಿಂಗ್ ಲಗ್ ಒತ್ತಿ, ಹಲ್ಲಿನ ವಾಷರ್ ಇಟ್ಟು ಬೋಲ್ಟ್ ಬಿಗಿದೆ. ಮೇಲೆ ಗ್ರೀಸ್ ಸವರಿದೆ.

ಸರಿಯಾಯ್ತೋ ಇಲ್ಲವೋ ನೋಡಲು ಪಂಪ್‌ಸೆಟ್ಟಿಗೆ ಬಳಸುವ ಮಲ್ಟಿಮೀಟರೇ ಸಾಕು. ಡಿ.ಸಿ. ವೋಲ್ಟಿಗೆ ತಿರುಗಿಸಿ. ಎಂಜಿನ್ ಓಡುತ್ತಾ ಸೆಟ್ ಜೋರಾಗಿ ಹಾಡುವಾಗ ಒಂದು ಮುಳ್ಳನ್ನು ಸೆಟ್ಟಿನ ಕಪ್ಪು ವಯರಿಗೆ, ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿಯಿರಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಸರಿಯಿಲ್ಲ. ನನ್ನದು 0.8 ಇದ್ದದ್ದು 0.05ಕ್ಕೆ ಇಳಿಯಿತು. ರಾಗವೂ ನಿಂತಿತು.

ಇನ್ನೊಂದು ಮಾತು. ಹಳೇ ರೇಡಿಯೋಗಳಲ್ಲಿ ಸ್ಪೀಕರಿನ ಒಂದು ವಯರನ್ನು ಬಾಡಿಗೆ ಕೊಡುತ್ತಿದ್ದುದುಂಟು. ಈಗಿನ ಸೆಟ್ಟುಗಳಿಗೆ ಹಾಗೆ ಮಾಡಬೇಡಿ, ಒಳಗಿನ ಆಂಪ್ಲಿಫೈಯರ್ ಸುಟ್ಟೀತು. ಪ್ರತಿ ಸ್ಪೀಕರಿಗೂ ಎರಡೆರಡು ವಯರು ಸೆಟ್ಟಿನಿಂದಲೇ ಬರಲಿ.

ಫ್ಯೂಸ್, ಬುಷ್, ಲಗ್ ಎಲ್ಲ ಸೇರಿದರೂ ಸೆಟ್ಟಿನ ಬೆಲೆಯ ಮುಂದೆ ಏನೂ ಅಲ್ಲ. ಅಂಗಡಿಯಿಂದ ಹೊರಡುವ ಮೊದಲು ಬಾನೆಟ್ ಎತ್ತಿಸಿ, "ಫ್ಯೂಸ್ ಎಲ್ಲಿ ಇಟ್ರಿ?" ಅಂತ ಕೇಳಿ. ನಾನು ಕೇಳಿರಲಿಲ್ಲ.