ಮೋಟಾರ್ ಸೈಕಲ್ಲಿಗೆ ಬಾಳುವ ಬಣ್ಣ

ನಮ್ಮ ವಾಚನಾಲಯದ ಮುಂದೆ ಸಂಜೆ ನಿಲ್ಲುವ ಮೋಟಾರ್ ಸೈಕಲ್ಲುಗಳಲ್ಲಿ ಹೆಚ್ಚಿನವು ಎರಡನೆಯ ಕೈ, ಮೂರನೆಯ ಕೈ ದಾಟಿ ಬಂದವು. ರಾತ್ರಿ ಅವುಗಳಿಗೆ ಬೀದಿಯೇ ಮನೆ. ಕೀಲ್ಪಾಕಿಗೆ ಕಡಲು ಐದಾರು ಕಿಲೋಮೀಟರು ದೂರ. ಉಪ್ಪುಗಾಳಿಗೆ ಅದೇನೂ ದೂರವಲ್ಲ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆ ಬೇರೆ. ಘಟ್ಟದ ಮೇಲಿನ ಊರಿನಲ್ಲಿ ನೆಟ್ಟಗಿದ್ದ ಗಾಡಿ ಇಲ್ಲಿಗೆ ಬಂದು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕಾಯಿತೆಂದು ದೂರುವವರು ನಮ್ಮಲ್ಲಿ ಹಲವರಿದ್ದಾರೆ. ಹಬ್ಬದ ಬೋನಸ್ ಕೈಸೇರಿದಾಗ ಇವರು ಕೇಳುವ ಪ್ರಶ್ನೆ ಒಂದೇ: "ಯಾವ ಬಣ್ಣ ಹೊಡೆಸಿದರೆ ತಡೆಯುತ್ತದೆ?"

ಗಾಡಿಗೆಲ್ಲ ಒಂದೇ ಬಣ್ಣವೆಂಬ ಯೋಚನೆಯನ್ನು ಮೊದಲು ಬಿಡಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ೧೯೬೧ರಿಂದ ೧೯೯೬ರವರೆಗೆ ಹೊರಬಂದ ಗಾಡಿಗಳಲ್ಲಿ ಹಲವನ್ನು ನೆನೆಯಿರಿ: ಪೆಟ್ರೋಲ್ ಟ್ಯಾಂಕಿನ ಪಕ್ಕಗಳಿಗೆ ಕ್ರೋಮಿನ ಹೊಳಪು, ಮಿಕ್ಕ ಮೈಗೆ ಕಡುಗೆಂಪು. ನಮ್ಮ ಈ ಊರಿನ ಉತ್ತರದಲ್ಲಿ, ತಿರುವೊತ್ತಿಯೂರಿನಲ್ಲಿ, ೧೯೫೫ರಲ್ಲಿ ಶುರುವಾದ ಎನ್‌ಫೀಲ್ಡ್ ಇಂಡಿಯಾದವರ ಬುಲೆಟ್ಟಿನ ಟ್ಯಾಂಕಿಗೆ ಚಿನ್ನದ ಗೆರೆಯನ್ನು ಕೈಕುಂಚದಿಂದಲೇ ಎಳೆಯುತ್ತಿದ್ದರು. ಅದೇ ಗಾಡಿಯ ಸೈಲೆನ್ಸರಿಗೆ ಆ ಬಣ್ಣವೂ ಇಲ್ಲ, ಗೆರೆಯೂ ಇಲ್ಲ. ಭಾಗಕ್ಕೆ ತಕ್ಕ ಲೇಪ ಎಂಬುದು ಕಾರ್ಖಾನೆಯವರು ಕಂಡುಕೊಂಡ ಲೆಕ್ಕ.

ಫ್ರೇಮು, ಸ್ಟ್ಯಾಂಡು, ಸ್ವಿಂಗ್ ಆರ್ಮು, ಉಕ್ಕಿನ ಬ್ರಾಕೆಟ್ಟುಗಳು: ಇವಕ್ಕೆ ಪೌಡರ್ ಕೋಟಿಂಗಿಗಿಂತ ಗಟ್ಟಿಯಾದುದು ನಮ್ಮ ಕೈಗೆಟಕುವ ದರದಲ್ಲಿ ಕಾಣೆವು. ಇದರಲ್ಲಿ ಎಣ್ಣೆಯಿಲ್ಲ, ತಿನ್ನರ್ ಇಲ್ಲ. ಒಣ ಪುಡಿಗೆ ವಿದ್ಯುದಂಶ ಕೊಟ್ಟು ಊದಿದರೆ ಅದು ಭೂಸಂಪರ್ಕ ಕೊಟ್ಟ ಲೋಹಕ್ಕೆ ತಾನೇ ಅಂಟಿಕೊಳ್ಳುತ್ತದೆ. ಬಳಿಕ ಸುಮಾರು ೧೮೦ರಿಂದ ೨೦೦ ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ಹತ್ತಿಪ್ಪತ್ತು ನಿಮಿಷ ಇಟ್ಟರೆ ಪುಡಿ ಕರಗಿ, ಹರಡಿ, ಒಂದೇ ತೊಗಲಾಗಿ ಬಿಗಿಯುತ್ತದೆ. ದಪ್ಪ ಸಾಮಾನ್ಯವಾಗಿ ೬೦ರಿಂದ ೧೦೦ ಮೈಕ್ರಾನ್, ಹೆಚ್ಚುಕಡಿಮೆ ಒಂದು ತಲೆಗೂದಲಿನಷ್ಟು. ಪುಡಿಯಲ್ಲೂ ಜಾತಿಗಳಿವೆ. ಬರೀ ಎಪಾಕ್ಸಿ ಪುಡಿ ಬಿಸಿಲಿಗೆ ಸುಣ್ಣದಂತೆ ಮಂಕಾಗುತ್ತದೆ. ಮೇಲ್ಪದರಕ್ಕೆ ಪಾಲಿಯೆಸ್ಟರ್ ಪುಡಿಯನ್ನೇ ಕೇಳಬೇಕು. ಕಡಲೂರಿನವರಾದ ನಾವು ಅದರ ಕೆಳಗೆ ಸತು ಬೆರೆತ ಪ್ರೈಮರನ್ನೂ ಕೇಳುವುದು ಲೇಸು.

ಆದರೆ ಪುಡಿಯ ಹೆಸರಿಗಿಂತ ದೊಡ್ಡದು ಪುಡಿಯ ಕೆಳಗಿನ ಕೆಲಸ. ಗಿರಣಿಯಲ್ಲಿ ಲೆಕ್ಕ ಬರೆಯುವವರಿಗೂ ಇಷ್ಟು ಗೊತ್ತು: ಬಟ್ಟೆಯ ಗಂಜಿ, ಜಿಡ್ಡು ತೆಗೆಯದೆ ಬಣ್ಣದ ತೊಟ್ಟಿಗೆ ಇಳಿಸಿದರೆ ಬಣ್ಣ ಮೈಗೆ ಹತ್ತುವುದಿಲ್ಲ, ಮಚ್ಚೆ ಬೀಳುತ್ತದೆ. ಲೋಹದ್ದೂ ಅದೇ ಕಥೆ. ಹಳೆಯ ಬಣ್ಣ, ತುಕ್ಕುಗಳನ್ನು ಮರಳಿನಂಥ ಹರಳನ್ನು ರಭಸದಿಂದ ಊದಿ ಬಿಳಿ ಲೋಹ ಕಾಣುವಂತೆ ಮಾಡಬೇಕು, ಜಿಡ್ಡು ತೊಳೆಯಬೇಕು, ಫಾಸ್ಫೇಟ್ ದ್ರಾವಣ ಮುಟ್ಟಿಸಬೇಕು, ಬೆರಳು ತಾಗಿಸದೆ ಅಂದೇ ಪುಡಿ ಹೊಡೆಯಬೇಕು. ಚೆನ್ನೈಯ ತೇವದಲ್ಲಿ ಬೆತ್ತಲೆ ಉಕ್ಕು ಒಂದು ರಾತ್ರಿ ಕಳೆದರೆ ಮತ್ತೆ ಕೆಂಪಾಗುತ್ತದೆ. ಅಗ್ಗದ ದರ ಹೇಳುವವರು ಸಾಮಾನ್ಯವಾಗಿ ಉಳಿಸುವುದು ಈ ಕೆಲಸದಲ್ಲೇ. ತುಕ್ಕಿನ ಮೇಲೆ ಕೂತ ಪೌಡರ್ ಆರು ತಿಂಗಳು ಮಿಂಚಿ, ಆಮೇಲೆ ಹಪ್ಪಳದಂತೆ ಎದ್ದು ಬರುತ್ತದೆ.

ಇನ್ನೊಂದು ಕಾರಣಕ್ಕಾಗಿಯೂ ಮರಳೂದಿದ ದಿನ ಅಂಗಡಿಗೆ ನೀವೇ ಹೋಗಿರಿ, ಅರ್ಧ ದಿನದ ರಜೆ ಹೋದರೂ ಚಿಂತೆಯಿಲ್ಲ. ಫ್ರೇಮಿನ ಬೆಸುಗೆಗಳ ಸುತ್ತ ಬಿರುಕಿದೆಯೆ, ಸ್ವಿಂಗ್ ಆರ್ಮಿನ ಅಡಿ ತುಕ್ಕು ತಿಂದು ಗುಂಡಿಬಿದ್ದಿದೆಯೆ ಎಂಬುದು ಕಣ್ಣಿಗೆ ಕಾಣುವುದು ಆ ಹೊತ್ತಿನಲ್ಲಿ ಮಾತ್ರ. ದಪ್ಪ ಬಣ್ಣ ಬಿರುಕನ್ನು ಮುಚ್ಚುತ್ತದೆ, ಕೂಡಿಸುವುದಿಲ್ಲ. ಹೊಳೆಯುವ ಹೊಸ ಬಣ್ಣದ ಹಳೆಯ ಗಾಡಿಯನ್ನು ಕೊಳ್ಳುವಾಗ ನಾವು ಅನುಮಾನದಿಂದ ನೋಡುವುದೂ ಇದಕ್ಕೇ. ಹೆಂಡತಿಯನ್ನೂ ಮಗುವನ್ನೂ ಹಿಂದೆ ಕೂರಿಸಿಕೊಂಡು ಪೂನಮಲ್ಲಿ ಹೈರೋಡಿನಲ್ಲಿ ಬಸ್ಸಿನ ಪಕ್ಕ ಹೋಗುವವರು ನಾವು.

ಒಲೆಗೆ ಕೊಡುವ ಮೊದಲು ಬೇರಿಂಗು, ರಬ್ಬರು, ಪ್ಲಾಸ್ಟಿಕ್ ಎಲ್ಲ ಬಿಚ್ಚಿರಬೇಕು. ಬೋಲ್ಟಿನ ಮರೆಗಳಿಗೆ, ಬೇರಿಂಗ್ ಕೂರುವ ಜಾಗಗಳಿಗೆ, ಕೆತ್ತಿದ ಛಾಸಿ ನಂಬರಿಗೆ ಮುಚ್ಚುಪಟ್ಟಿ ಅಂಟಿಸಬೇಕು. ನಂಬರು ಬಣ್ಣದಲ್ಲಿ ಹೂತುಹೋದರೆ ಗಾಡಿ ಮಾರುವ ದಿನ ಪೇಚಾಟ. ಪೌಡರ್ ಪದರ ವಿದ್ಯುತ್ತನ್ನು ಹಾಯಗೊಡುವುದಿಲ್ಲವಾದ್ದರಿಂದ ಬ್ಯಾಟರಿಯ ಅರ್ತ್ ತಂತಿ ಕೂಡುವ ಜಾಗವನ್ನೂ ಬರಿದಾಗಿ ಬಿಡಬೇಕು. ಹೊಸ ಬಣ್ಣದ ಬಳಿಕ ಹಾರನ್ ಸತ್ತಿತೆಂದು ಮೆಕ್ಯಾನಿಕ್ಕನ್ನು ಬೈಯುವುದು ತಪ್ಪುತ್ತದೆ.

ಟ್ಯಾಂಕಿನ ಮಾತು ಬೇರೆ. ಹಳೆಯ ಟ್ಯಾಂಕಿನಲ್ಲಿ ತವರ-ಸೀಸದ ಬೆಸುಗೆ ಇದ್ದರೆ ಅದು ೧೮೩ ಡಿಗ್ರಿಯಿಂದಲೇ ಕರಗತೊಡಗುತ್ತದೆ. ತಗ್ಗಿಗೆ ತುಂಬಿದ ಪುಟ್ಟಿಯೂ ಒಲೆ ತಾಳದು. ಖಾಲಿ ಟ್ಯಾಂಕಿನೊಳಗಿನ ಪೆಟ್ರೋಲ್ ಆವಿ ಬೆಂಕಿಗಿಂತ ಮೊದಲು ಸಿಡಿಯಲು ಕಾದಿರುತ್ತದೆ. ಆದ್ದರಿಂದ ಟ್ಯಾಂಕಿಗೆ ಪ್ರೈಮರಿನ ಮೇಲೆ ಎರಡು ಡಬ್ಬಿ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಬಣ್ಣವೇ ಸರಿ. ಪೆಟ್ರೋಲ್ ಚೆಲ್ಲಿದರೂ ಅದು ಬೇಗ ಕರಗುವುದಿಲ್ಲ. ಅದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ, ಉಸಿರಿಗೆ ಸೇರಿದರೆ ಉಬ್ಬಸ ತರುವಂಥದು. ಬಟ್ಟೆ ಕಟ್ಟಿಕೊಂಡರೆ ಅದು ನಿಲ್ಲದು. ಒಂಟಿ ಕೋಣೆಯ ಮನೆಗಳ ನಡುವೆ, ಮಾಡಿಯ ಮೇಲೆ, ಇದನ್ನು ಯಾರೂ ಹೊಡೆಯಬಾರದು.

ಸೈಲೆನ್ಸರಿಗೆ ಇವೆರಡೂ ಸಲ್ಲವು, ಸುಟ್ಟು ಹೋಗುತ್ತವೆ. ಶಾಖ ತಾಳುವ ಸಿಲಿಕೋನ್ ಬಣ್ಣ ತೆಳ್ಳಗೆ ಹೊಡೆಸಿ, ಡಬ್ಬಿಯ ಮೇಲೆ ಬರೆದಂತೆ ಹಂತಹಂತವಾಗಿ ಕಾಯಿಸಬೇಕು. ಕಾಯದೆ ಅದು ಗಟ್ಟಿಯಾಗುವುದಿಲ್ಲ. ಬಣ್ಣದ ಆಯ್ಕೆ ಕಪ್ಪು, ಬೂದು, ಬೆಳ್ಳಿ. ಅದರಾಚೆ ಆಸೆ ಬೇಡ.

ಕೆಂಪು, ನೀಲಿ, ಚಿನ್ನದ ಬಣ್ಣದಲ್ಲಿ ಮಿಂಚುವ ಲಿವರು, ಮುಚ್ಚಳಗಳ ಮೇಲಿನದು ಅನೋಡೈಸಿಂಗ್. ಅದು ಅಲ್ಯೂಮಿನಿಯಮ್ಮಿಗೆ ಒಗ್ಗುವ ಉಪಾಯ, ಉಕ್ಕಿಗೆ ಹೇಳಿದ್ದಲ್ಲ. ಬಣ್ಣವು ಲೋಹದ ಮೈಯ ಸಣ್ಣ ರಂಧ್ರಗಳಲ್ಲಿ ಇಳಿದಿರುವುದರಿಂದ ಸಿಪ್ಪೆಯೇಳದು, ಆದರೆ ಬಿಸಿಲಿಗೆ ಮಾಸುತ್ತದೆ. ಎಂಜಿನ್ ಮುಚ್ಚಳದಂಥ ಎರಕದ ಭಾಗಗಳಲ್ಲಿ ಸಿಲಿಕಾನ್ ಹೆಚ್ಚಿರುವ ಕಾರಣ ಮಂಕಾಗಿ, ಮಚ್ಚೆಮಚ್ಚೆಯಾಗಿ ಬರುತ್ತದೆ.

ಕ್ರೋಮಿನ ಬಗ್ಗೆ ಒಂದೇ ಎಚ್ಚರಿಕೆ. ತುಕ್ಕು ತಡೆಯುವುದು ಅದರ ಕೆಳಗಿನ ನಿಕ್ಕಲ್. ನಿಕ್ಕಲ್ ತೆಳುವಾದರೆ ಮೇಲಿನ ಹೊಳಪು ಹೆಸರಿಗಷ್ಟೆ. ಗಟ್ಟಿ ಉಕ್ಕಿನ ಬೋಲ್ಟು, ಸ್ಪ್ರಿಂಗುಗಳನ್ನು ಮಾತ್ರ ಅಂದಕ್ಕಾಗಿ ಆಮ್ಲದ ತೊಟ್ಟಿಗೆ ಹಾಕಿಸಬೇಡಿರಿ. ಲೋಹದೊಳಕ್ಕೆ ಜಲಜನಕ ಸೇರಿ, ಓಡುತ್ತಿರುವಾಗಲೇ ಅವು ಗಾಜಿನಂತೆ ಮುರಿಯಬಹುದು.

ಗಾಡಿಯ ಬಣ್ಣವನ್ನೇ ಬದಲಿಸುವುದಾದರೆ ಆರ್.ಸಿ.ಯಲ್ಲಿ ಹಳೆಯ ಬಣ್ಣ ನಮೂದಾಗಿರುವುದನ್ನು ಮರೆಯಬೇಡಿ. ಕೆಲಸಕ್ಕೆ ಕೊಡುವ ಮುನ್ನವೇ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿರಿ. ಕೆಲಸ ಮುಗಿದ ದಿನ ಅದೇ ಬಣ್ಣದ ಒಂದು ಸಣ್ಣ ಡಬ್ಬಿಯನ್ನು ಕೇಳಿ ಪಡೆಯಿರಿ. ಕಲ್ಲು ಸಿಡಿದು ಪದರ ಒಡೆದಲ್ಲಿ ನೀರು ಅಡಿಯಲ್ಲೇ ಹರಿದು ತುಕ್ಕು ಹಬ್ಬುತ್ತದೆ; ಮಳೆ ನಿಂತ ಮೇಲೆ, ಪೊಂಗಲಿನ ರಜೆಯಲ್ಲಿ, ಗಾಡಿಯ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಒಡೆದ ಕಡೆಗಳನ್ನು ಉಜ್ಜಿ ಕುಂಚದಿಂದ ಮುಟ್ಟಿಸಿದರೆ ಮುಂದಿನ ಮಳೆಯವರೆಗೆ ತಡೆಯುತ್ತದೆ.